‘ನಾವೂ ಶ್ರೀಲಂಕಾ ಆಗ್ತೀವಿ’ ಅನ್ನುವ ಮುಂಚೆ: ನಮ್ಮ ಶಾಸಕರಿಗೆ, ಸಂಸದರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಎಲ್ಲ ಪಕ್ಷಗಳ ಶಾಸಕರಿಗೆ, ವಿಧಾನ ಪರಿಷತ್ ಸದಸ್ಯರಿಗೆ, ಸಂಸದರಿಗೆ ನಮಸ್ಕಾರ.

2022ರಿಂದ ಈಚೆಗೆ ನಮ್ಮ ರಾಜಕೀಯದಲ್ಲಿ ಒಂದು ದೇಶದ ಹೆಸರು ಪದೇ ಪದೇ ಕೇಳಿಬರುತ್ತಿದೆ. ರಾಜ್ಯ ಸರ್ಕಾರವನ್ನು ಟೀಕಿಸುವವರು ‘ಹೀಗೇ ಆದರೆ ಕರ್ನಾಟಕ ಶ್ರೀಲಂಕಾ ಆಗುತ್ತೆ’ ಅನ್ನುತ್ತಾರೆ. ಕೇಂದ್ರ ಸರ್ಕಾರವನ್ನು ಟೀಕಿಸುವವರು ಅದೇ ಮಾತನ್ನು ದೇಶಕ್ಕೆ ಅನ್ವಯಿಸುತ್ತಾರೆ. ಟಿವಿ ಚರ್ಚೆಯಲ್ಲಿ, ಚುನಾವಣಾ ವೇದಿಕೆಯಲ್ಲಿ ಈ ಮಾತು ಬಂದರೆ ಅಲ್ಲಿಗೆ ವಾದ ಮುಗಿಯಿತು. ಮುಂದೆ ಯಾರೂ ಏನೂ ವಿವರಿಸುವುದಿಲ್ಲ.

ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುವವಳು. ನಿಮ್ಮ ಮಾತು ತರಗತಿಗೂ ಬರುತ್ತದೆ. ‘ಮೇಡಂ, ನಿಜವಾಗ್ಲೂ ನಾವು ಶ್ರೀಲಂಕಾ ಆಗ್ತೀವಾ?’ ಅಂತ ಮಕ್ಕಳು ಕೇಳುತ್ತಾರೆ. ಕೇಳುವವರ ಮುಖದಲ್ಲಿ ಭಯ ಇರುತ್ತದೆ. ಹಾಗಾಗಿ ನಿಮ್ಮಲ್ಲಿ ಒಂದು ವಿನಂತಿ. ಆ ದೇಶದ ಹೆಸರನ್ನು ಸುಮ್ನೆ ಹೆದರಿಸಲು ಬಳಸಬೇಡಿ. ಬಳಸಲೇಬೇಕು ಅಂದರೆ ಅಲ್ಲಿ ಏನಾಯಿತು ಅಂತ ಪೂರ್ತಿ ಹೇಳಿ. ಪೂರ್ತಿ ಹೇಳಿದರೆ ಆ ಕಥೆ ನಿಮ್ಮ ಕೆಲಸದ ಬಗ್ಗೆಯೇ ಇದೆ, ಅಂದರೆ ಸದನದಲ್ಲಿ ಕೂತವರು ಏನು ಕೇಳಬೇಕು, ಯಾವಾಗ ಕೇಳಬೇಕು ಅನ್ನುವುದರ ಬಗ್ಗೆ.

ನಮ್ಮಲ್ಲಿ ಓಡಾಡುವ ಕಥೆ ತುಂಬ ಚಿಕ್ಕದು. ಸಾಲ ಮಾಡಿ ತುಪ್ಪ ತಿಂದರು, ಜನರಿಗೆ ಪುಕ್ಕಟೆ ಹಂಚಿದರು, ಚೀನಾ ಬಲೆಗೆ ಬಿದ್ದರು, ದಿವಾಳಿಯಾದರು. ಇದರಲ್ಲಿ ಸ್ವಲ್ಪ ಸತ್ಯ ಇದೆ. ವಿಮಾನಗಳೇ ಹೆಚ್ಚು ಬಾರದ ಮತ್ತಲ ವಿಮಾನ ನಿಲ್ದಾಣ, 2017ರಲ್ಲಿ 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಹೋದ ಹಂಬನ್‌ತೋಟ ಬಂದರು, ಇವೆಲ್ಲ ನಿಜ. ಆದರೆ 2022ರಲ್ಲಿ ಆ ದೇಶವನ್ನು ಕೆಡವಿದ ವಿದೇಶಿ ಸಾಲದಲ್ಲಿ ಚೀನಾದ ಪಾಲಿಗಿಂತ ದೊಡ್ಡದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಡಾಲರಿನಲ್ಲಿ ಎತ್ತಿದ ಬಾಂಡ್ ಸಾಲ, ಅಂದರೆ ಸಾಲಪತ್ರ ಮಾರಿ ಹೂಡಿಕೆದಾರರಿಂದ ಪಡೆದ ಸಾಲ. 2007ರಲ್ಲಿ 50 ಕೋಟಿ ಡಾಲರಿನ ಮೊದಲ ಬಾಂಡಿನಿಂದ ಅದು ಶುರುವಾಯಿತು. ಹಳೆಯ ಸಾಲ ತೀರಿಸಲು ಹೊಸ ಬಾಂಡ್, ಅದನ್ನು ತೀರಿಸಲು ಮತ್ತೊಂದು. ಮಾರುಕಟ್ಟೆ ನಂಬುವ ತನಕ ಇದು ನಡೆಯಿತು.

2019ರ ಏಪ್ರಿಲ್‌ನಲ್ಲಿ ಈಸ್ಟರ್ ಬಾಂಬ್ ದಾಳಿಯಾಗಿ ಪ್ರವಾಸೋದ್ಯಮ ನೆಲಕಚ್ಚಿತು. ನವೆಂಬರ್‌ನಲ್ಲಿ ಗೋಟಬಯ ರಾಜಪಕ್ಸ ಅಧ್ಯಕ್ಷರಾದರು. ಕೂಡಲೇ ವ್ಯಾಟ್ (ಸರಕು, ಸೇವೆಗಳ ಮೇಲಿನ ಮೌಲ್ಯವರ್ಧಿತ ತೆರಿಗೆ) ದರವನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿದರು. ಆದಾಯ ತೆರಿಗೆಯಲ್ಲೂ ದೊಡ್ಡ ರಿಯಾಯಿತಿ ಕೊಟ್ಟರು. ಜಿಡಿಪಿಯ ಸುಮಾರು ಶೇ 12ರಷ್ಟಿದ್ದ ಸರ್ಕಾರದ ವರಮಾನ ಎರಡು ವರ್ಷದಲ್ಲಿ ಶೇ 8ರ ಆಸುಪಾಸಿಗೆ ಬಂತು. ಮಧ್ಯೆ ಕೊರೋನಾ ಬಂತು. ಹೊರಗೆ ಸಾಲ ಹುಟ್ಟಲಿಲ್ಲ. ಸೆಂಟ್ರಲ್ ಬ್ಯಾಂಕ್ ನೋಟು ಅಚ್ಚು ಹಾಕಿ ಸರ್ಕಾರಕ್ಕೆ ಕೊಟ್ಟಿತು. ಖಜಾನೆಗೆ ದೊಡ್ಡ ಪೆಟ್ಟು ಕೊಟ್ಟದ್ದು ತೆರಿಗೆ ಕಡಿತ. ‘ಪುಕ್ಕಟೆ ಹಂಚಿ ಹಾಳಾದರು’ ಅನ್ನುವವರು ಈ ಭಾಗವನ್ನು ಹೇಳುವುದೇ ಇಲ್ಲ.

ನನಗೆ ಜಾಸ್ತಿ ಕಾಡುವುದು ಗೊಬ್ಬರದ ಕಥೆ. ರಾಜಪಕ್ಸ ಅವರ ಪ್ರಣಾಳಿಕೆಯಲ್ಲಿ 10 ವರ್ಷಗಳಲ್ಲಿ ಸಾವಯವ ಕೃಷಿಗೆ ಹೋಗುವ ಮಾತಿತ್ತು. 2021ರ ಏಪ್ರಿಲ್ ಕೊನೆಯಲ್ಲಿ ಅದನ್ನು ಒಂದೇ ಏಟಿಗೆ ಮಾಡಲು ಹೊರಟರು. ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಆಮದಿಗೆ ನಿಷೇಧ ಹೇರಿದರು. ಆದರ್ಶದ ಮಾತಿನ ಹಿಂದೆ ಡಾಲರ್ ಉಳಿಸುವ ಆಸೆಯೂ ಇತ್ತು. ಪೆರಾದೇನಿಯ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನಿಗಳು ಬೇಡ ಅಂದರು. ರೈತರು ಬೀದಿಗಿಳಿದರು. ಚೀನಾದಿಂದ ತರಿಸಿದ ಸಾವಯವ ಗೊಬ್ಬರದಲ್ಲಿ ಹಾನಿಕಾರಕ ಬ್ಯಾಕ್ಟೀರಿಯಾ ಇದೆ ಅಂತ ಹಡಗನ್ನು ಇಳಿಸಿಕೊಳ್ಳಲಿಲ್ಲ. ಆದರೂ ಆ ಕಂಪನಿಗೆ 70 ಲಕ್ಷ ಡಾಲರಿನ ಹತ್ತಿರ ಕಟ್ಟಬೇಕಾಯಿತು. ನವೆಂಬರ್‌ನಲ್ಲಿ ನಿಷೇಧ ಸಡಿಲಿಸಿದರು. ಅಷ್ಟರಲ್ಲಿ ಬಿತ್ತನೆಯ ಹೊತ್ತು ಮೀರಿತ್ತು. ಭತ್ತದ ಇಳುವರಿ ಕುಸಿಯಿತು, ಚಹಾಕ್ಕೂ ಪೆಟ್ಟು ಬಿತ್ತು. ಗೊಬ್ಬರದಲ್ಲಿ ಉಳಿಸಲು ಹೋದ ಡಾಲರನ್ನು ಅಕ್ಕಿ ತರಿಸಲು ಖರ್ಚು ಮಾಡಿದರು. ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಸೊಸೈಟಿ ಮುಂದೆ ಬೆಳಗಿನ ಜಾವದಿಂದ ಸಾಲು ನಿಲ್ಲುವ ನಮ್ಮ ರೈತರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

2022ರ ಜನವರಿ ಹೊತ್ತಿಗೆ ಆಸ್ಪತ್ರೆಗಳಲ್ಲಿ ಔಷಧಿ, ಪೆಟ್ರೋಲ್ ಬಂಕುಗಳಲ್ಲಿ ಇಂಧನ ಕಡಿಮೆಯಾಗುತ್ತಿತ್ತು. ಆ ತಿಂಗಳ 18ರಂದು ಸರ್ಕಾರ 50 ಕೋಟಿ ಡಾಲರಿನ ಬಾಂಡ್ ಒಂದನ್ನು ಪೂರ್ತಿ ತೀರಿಸಿತು. ಆ ಹಣವನ್ನು ಔಷಧಿಗೆ, ಇಂಧನಕ್ಕೆ ಇಟ್ಟುಕೊಳ್ಳಿ, ಸಾಲ ಕೊಟ್ಟವರ ಜೊತೆ ಮಾತಾಡಿ ಅಂತ ಅಲ್ಲಿನ ಅರ್ಥಶಾಸ್ತ್ರಜ್ಞರು ಹೇಳಿದ್ದರು. ಯಾರೂ ಕೇಳಲಿಲ್ಲ. ಮಾರ್ಚ್‌ನಲ್ಲಿ ಕಾಗದವಿಲ್ಲದೆ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆ ಮುಂದಕ್ಕೆ ಹೋದವು. ದಿನಕ್ಕೆ 13 ಗಂಟೆ ಕರೆಂಟ್ ತೆಗೆದರು. ಪೆಟ್ರೋಲ್ ಸಾಲಿನಲ್ಲಿ ನಿಂತು ನಿಂತು ಕುಸಿದು ಸತ್ತವರಿದ್ದಾರೆ. ಏಪ್ರಿಲ್ 12ರಂದು ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸುತ್ತೇವೆ ಅಂತ ಘೋಷಿಸಿದರು. 1948ರಲ್ಲಿ ಸ್ವತಂತ್ರವಾದ ಮೇಲೆ ಶ್ರೀಲಂಕಾ ಹೀಗೆ ಕೈಚೆಲ್ಲಿದ್ದು ಅದೇ ಮೊದಲು. ಮೇ ತಿಂಗಳಲ್ಲಿ ಹಣಕಾಸು ಸಚಿವರು ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಬಳಸಲು ಸಿಗುವ ಡಾಲರ್ 5 ಕೋಟಿಗೂ ಕಡಿಮೆ. ಸೆಪ್ಟೆಂಬರ್‌ಗೆ ಹಣದುಬ್ಬರ ಶೇ 70ರ ಹತ್ತಿರ ಹೋಯಿತು, ಆಹಾರದ್ದು ಶೇ 95ರ ಹತ್ತಿರ. ವಿಶ್ವಬ್ಯಾಂಕ್ ಅಂದಾಜಿನಲ್ಲಿ ಒಂದೇ ವರ್ಷದಲ್ಲಿ ಬಡತನದ ಪ್ರಮಾಣ ಹೆಚ್ಚುಕಡಿಮೆ ದುಪ್ಪಟ್ಟಾಯಿತು.

ತೆರಿಗೆ ಕಡಿತ, ಗೊಬ್ಬರ ನಿಷೇಧ, ಬಾಂಡ್ ತೀರುವಳಿ. ಈ ಮೂರೂ ತೀರ್ಮಾನಗಳಲ್ಲಿ ಒಂದು ಸಾಮ್ಯ ಇದೆ. ಯಾವುದನ್ನೂ ಸಂಸತ್ತಿನಲ್ಲಿ ಮೊದಲು ಇಟ್ಟು, ಲೆಕ್ಕ ತೋರಿಸಿ, ಬೇಡ ಅನ್ನುವವರ ಮಾತು ಕೇಳಿ ಮಾಡಲಿಲ್ಲ. ಅಧ್ಯಕ್ಷರ ಸುತ್ತಲಿನ ನಾಲ್ಕು ಜನ ಕೂತು ತೀರ್ಮಾನಿಸಿದರು. ಒಬ್ಬ ಅಣ್ಣ ಮಹಿಂದ ಪ್ರಧಾನಿ, ತಮ್ಮ ಬೇಸಿಲ್ ಹಣಕಾಸು ಸಚಿವ, ಇನ್ನೊಬ್ಬ ಅಣ್ಣ ಚಮಲ್ ನೀರಾವರಿ ಸಚಿವ. 225 ಸ್ಥಾನಗಳಲ್ಲಿ 145 ಅವರ ಪಕ್ಷದ್ದೇ. 2020ರ ಅಕ್ಟೋಬರ್‌ನಲ್ಲಿ ಸಂವಿಧಾನಕ್ಕೆ 20ನೇ ತಿದ್ದುಪಡಿ ತಂದು ಅಧ್ಯಕ್ಷರ ಕೈಗೆ ಇನ್ನಷ್ಟು ಅಧಿಕಾರ ಕೊಟ್ಟರು. ಕೈಯೆತ್ತಿದವರು ನಿಮ್ಮ ಹಾಗೆ ಜನ ಗೆಲ್ಲಿಸಿ ಕಳಿಸಿದವರೇ.

ಒಬ್ಬ ಮನುಷ್ಯನ ಕೈಗೆ ಇಷ್ಟು ಅಧಿಕಾರ ಹೇಗೆ ಬಂತು? ಅದಕ್ಕೆ ಹಿಂದಕ್ಕೆ ಹೋಗಬೇಕು. ಅಲ್ಲೂ ಒಂದು ಬಿಕ್ಕಟ್ಟೇ ಇದೆ.

1953ರಲ್ಲಿ ಆಗಿನ ಸಿಲೋನ್ ಸರ್ಕಾರ ಪಡಿತರ ಅಕ್ಕಿಯ ಬೆಲೆಯನ್ನು 25 ಸೆಂಟ್‌ನಿಂದ 70 ಸೆಂಟ್‌ಗೆ ಏರಿಸಿತು. ಕೊರಿಯಾ ಯುದ್ಧದ ಕಾಲದಲ್ಲಿ ರಬ್ಬರಿಗೆ ಬಂದ ಬೆಲೆ ಇಳಿದಿತ್ತು, ಬೊಕ್ಕಸ ಖಾಲಿಯಾಗುತ್ತಿತ್ತು. ಆಗಸ್ಟ್ 12ರಂದು ದೇಶವೇ ಹರತಾಳ ಮಾಡಿತು. ಮಂತ್ರಿಗಳು ಕೊಲಂಬೊ ಬಂದರಿನಲ್ಲಿ ನಿಂತಿದ್ದ ಬ್ರಿಟಿಷ್ ಯುದ್ಧನೌಕೆ ಹತ್ತಿ ಸಂಪುಟ ಸಭೆ ನಡೆಸಿದರು. ಪ್ರಧಾನಿ ಡಡ್ಲಿ ಸೇನಾನಾಯಕೆ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅಕ್ಕಿಯ ವಿಷಯಕ್ಕೆ ಕೈ ಹಾಕಿದರೆ ಕುರ್ಚಿ ಹೋಗುತ್ತದೆ ಅಂತ ಎಲ್ಲ ಪಕ್ಷಗಳಿಗೂ ಅರ್ಥವಾಯಿತು. ಮೂರು ವರ್ಷದ ನಂತರದ ಚುನಾವಣೆ ಭಾಷೆಯ ಮೇಲೆ ನಡೆಯಿತು. 1956ರಲ್ಲಿ ಗೆದ್ದ ಬಂಡಾರನಾಯಕೆ ಸಿಂಹಳ ಒಂದನ್ನೇ ಆಡಳಿತ ಭಾಷೆ ಮಾಡಿದರು. ತಮಿಳರ ಗಾಯ ಅಲ್ಲಿಂದ ಆಳವಾಗುತ್ತಾ ಹೋಯಿತು.

1970ರ ದಶಕದಲ್ಲಿ ಆ ಬಂಡಾರನಾಯಕೆ ಅವರ ಹೆಂಡತಿ ಸಿರಿಮಾವೊ ಅವರ ಸರ್ಕಾರ. 1971ರಲ್ಲಿ ಹಳ್ಳಿಯ ಓದಿದ, ಕೆಲಸವಿಲ್ಲದ ಹುಡುಗರು ಜೆವಿಪಿ ಅನ್ನುವ ಎಡಪಂಥೀಯ ಪಕ್ಷದ ಹೆಸರಲ್ಲಿ ಬಂಡೆದ್ದರು. ಸರ್ಕಾರ ಅದನ್ನು ರಕ್ತದಲ್ಲಿ ಮುಳುಗಿಸಿತು. 1973ರಲ್ಲಿ ತೈಲದ ಬೆಲೆ ಏರಿತು. ಬ್ರೆಡ್ಡಿಗೂ ಬೆಳಗಾಗುವ ಮುಂಚೆ ಸಾಲು. ಹೊಸ ಸಂವಿಧಾನದ ನೆಪದಲ್ಲಿ ಸಂಸತ್ತಿನ ಅವಧಿಯನ್ನು ಎರಡು ವರ್ಷ ಎಳೆದರು. 1977ರಲ್ಲಿ ಚುನಾವಣೆ ಬಂದಾಗ ಜನ ಸೇಡು ತೀರಿಸಿಕೊಂಡರು. 168ರಲ್ಲಿ 140 ಸ್ಥಾನ ಜೆ.ಆರ್. ಜಯವರ್ಧನೆ ಅವರ ಪಕ್ಷಕ್ಕೆ. ಸಿರಿಮಾವೊ ಪಕ್ಷಕ್ಕೆ ಬರೀ 8.

ಜಯವರ್ಧನೆ ಮಾರುಕಟ್ಟೆ ತೆರೆದರು. ಅದರ ಜೊತೆಗೇ 1978ರಲ್ಲಿ ಹೊಸ ಸಂವಿಧಾನ ತಂದು ಎಲ್ಲ ಅಧಿಕಾರ ಇರುವ ಅಧ್ಯಕ್ಷ ಪದವಿ ಸೃಷ್ಟಿಸಿದರು. ಗಟ್ಟಿ ನಾಯಕ ಬೇಕು, ಬೇಗ ಬೇಗ ತೀರ್ಮಾನ ಆಗಬೇಕು ಅನ್ನುವುದು ಅದರ ಹಿಂದಿನ ಮಾತು. ಸಾಲಿನಲ್ಲಿ ನಿಂತು ಬೇಸತ್ತ ಜನರಿಗೆ ಅದು ಸರಿ ಅನ್ನಿಸಿರಬಹುದು. 1982ರಲ್ಲಿ ಜನಮತಗಣನೆ ಮಾಡಿ ಚುನಾವಣೆಯನ್ನೇ ಮುಂದಕ್ಕೆ ಹಾಕಿದರು. 1977ರ ನಂತರ ಅಲ್ಲಿ ಸಂಸತ್ ಚುನಾವಣೆ ಆದದ್ದು 1989ರಲ್ಲಿ. ನಡುವೆ 1983ರ ಜುಲೈನಲ್ಲಿ ತಮಿಳರ ಮೇಲೆ ಹತ್ಯಾಕಾಂಡ ನಡೆಯಿತು. ಆಗ ಹೊತ್ತಿದ ಯುದ್ಧ 2009ರ ಮೇ ತನಕ ಉರಿಯಿತು.

ಬ್ರೆಡ್ ಸಾಲಿಗೆ ಪರಿಹಾರ ಅಂತ ಕಟ್ಟಿದ ಅಧಿಕಾರವೇ 44 ವರ್ಷದ ನಂತರ ಪೆಟ್ರೋಲ್ ಸಾಲು ತಂದಿತು. ನಾನು ಮಕ್ಕಳಿಗೆ ಹೇಳುವುದು ಇದನ್ನೇ. ಕೊರತೆ, ಯುದ್ಧ, ಬೆಲೆ ಏರಿಕೆ ಯಾವ ದೇಶಕ್ಕೂ ಬರಬಹುದು. ಆ ಭಯದಲ್ಲಿ ಯಾರ ಕೈಗೆ ಏನು ಒಪ್ಪಿಸುತ್ತೇವೆ ಅನ್ನುವುದರಿಂದ ಆ ದೇಶದ ಮುಂದಿನ 50 ವರ್ಷ ತೀರ್ಮಾನವಾಗುತ್ತದೆ.

ಜರ್ಮನಿಯಲ್ಲೂ ಹೀಗೇ ಆಯಿತು. 1923ರಲ್ಲಿ ನೋಟಿಗೆ ಬೆಲೆ ಇಲ್ಲದಾಯಿತು, ಅದರಿಂದ ಹಿಟ್ಲರ್ ಬಂದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದಾಗಿ ಐದು ವರ್ಷಕ್ಕೆ, 1928ರಲ್ಲಿ, ನಾಜಿಗಳಿಗೆ ಬಿದ್ದ ಮತ ಶೇ 2.6 ಮಾತ್ರ. ಹಿಟ್ಲರನಿಗೆ ದಾರಿಯಾದದ್ದು 1930ರ ನಂತರದ ದಿನಗಳು. ಚಾನ್ಸೆಲರ್ (ಸರ್ಕಾರದ ಮುಖ್ಯಸ್ಥ) ಬ್ರೂನಿಂಗ್ ಸಂಬಳ, ಪಿಂಚಣಿ, ನಿರುದ್ಯೋಗ ಭತ್ಯೆ ಕಡಿತ ಮಾಡುತ್ತಾ ಹೋದರು. ಸಂಸತ್ತು ಒಪ್ಪದಿದ್ದಾಗ ಸಂವಿಧಾನದ 48ನೇ ವಿಧಿ ಹಿಡಿದು ಅಧ್ಯಕ್ಷರ ತುರ್ತು ಆಜ್ಞೆಗಳಲ್ಲಿ ರಾಜ್ಯಭಾರ ನಡೆಸಿದರು. 1932ರ ಆರಂಭದಲ್ಲಿ ಸುಮಾರು 60 ಲಕ್ಷ ಜನರಿಗೆ ಕೆಲಸ ಇರಲಿಲ್ಲ. ಆ ವರ್ಷ ಸಂಸತ್ತು ಪಾಸು ಮಾಡಿದ ಕಾನೂನು ಬರೀ 5. ಆಜ್ಞೆಗಳು ಮಾತ್ರ ಹತ್ತಾರು. ಜುಲೈನಲ್ಲಿ ನಾಜಿಗಳು ಶೇ 37 ಮತ ಪಡೆದರು. ಹಿಟ್ಲರ್ ಬರುವ ಹೊತ್ತಿಗೆ ಸಂಸತ್ತಿಲ್ಲದೆ ಆಳುವುದು ಅಲ್ಲಿ ಅಭ್ಯಾಸವಾಗಿಹೋಗಿತ್ತು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಐಸ್‌ಲ್ಯಾಂಡಿನ ಮೂರು ದೊಡ್ಡ ಬ್ಯಾಂಕುಗಳು 2008ರ ಅಕ್ಟೋಬರ್‌ನಲ್ಲಿ ಕೆಲವೇ ದಿನಗಳಲ್ಲಿ ಮುಳುಗಿದವು. ಆ ವರ್ಷದ ಕೊನೆಗೇ ಅಲ್ಲಿನ ಸಂಸತ್ತು ಒಂದು ವಿಶೇಷ ತನಿಖಾ ಆಯೋಗ ಮಾಡಿತು. 2010ರ ಏಪ್ರಿಲ್‌ನಲ್ಲಿ 2000 ಪುಟ ಮೀರಿದ ವರದಿ ಬಂತು. ರಾಜಧಾನಿಯ ನಾಟಕ ಮಂದಿರದಲ್ಲಿ ನಟರು ಸರದಿಯ ಮೇಲೆ ಕೂತು ಅದನ್ನು ಹಗಲೂ ರಾತ್ರಿ ಜನರಿಗೆ ಓದಿ ಹೇಳಿದರು. ಮಾಜಿ ಪ್ರಧಾನಿಯನ್ನು ವಿಶೇಷ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಬಿಕ್ಕಟ್ಟು ಕಣ್ಣೆದುರು ಬರುತ್ತಿದ್ದರೂ ಆ ವಿಷಯಕ್ಕೆ ಸಂಪುಟ ಸಭೆ ಕರೆಯಲಿಲ್ಲ ಅನ್ನುವ ಆರೋಪ ಸಾಬೀತಾಯಿತು. ಶಿಕ್ಷೆ ಆಗಲಿಲ್ಲ. ಆದರೂ ನನಗೆ ಅದು ದೊಡ್ಡ ತೀರ್ಪು. ಸಭೆ ಕರೆದು ಚರ್ಚಿಸದೇ ಇರುವುದೂ ತಪ್ಪು ಅಂತ ಒಂದು ದೇಶ ಬರೆದಿಟ್ಟಿತು.

ಶ್ರೀಲಂಕಾದಲ್ಲಿ ಆ ಕೆಲಸವನ್ನು ಜನ ಮಾಡಬೇಕಾಯಿತು. 2022ರ ಏಪ್ರಿಲ್‌ನಿಂದ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಡೇರೆ ಹಾಕಿ ಕೂತರು. ಸಿಂಹಳರು, ತಮಿಳರು, ಮುಸ್ಲಿಮರು ಒಟ್ಟಿಗೆ ಇದ್ದರು. ಅಲ್ಲಿ ಅದು ಸಣ್ಣ ಮಾತಲ್ಲ. ಜುಲೈ 9ರಂದು ಅಧ್ಯಕ್ಷರ ಮನೆಗೆ ನುಗ್ಗಿದರು. ಗೋಟಬಯ ಮಾಲ್ಡೀವ್ಸ್‌ಗೆ, ಅಲ್ಲಿಂದ ಸಿಂಗಪುರಕ್ಕೆ ಹೋಗಿ ರಾಜೀನಾಮೆ ಕಳಿಸಿದರು. ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟಿತು. ತಮಿಳುನಾಡು ಅಕ್ಕಿ, ಹಾಲಿನ ಪುಡಿ, ಔಷಧಿ ಕಳಿಸಿತು. ನೆರೆಯವರಾಗಿ ನಾವು ಮಾಡಿದ ಒಳ್ಳೆಯ ಕೆಲಸ ಅದು, ಹೇಳಿಕೊಳ್ಳಬೇಕು. 2023ರ ಮಾರ್ಚ್‌ನಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸುಮಾರು 300 ಕೋಟಿ ಡಾಲರ್ ಸಾಲ ಒಪ್ಪಿತು. ಐಎಂಎಫ್ ಜೊತೆ ಅವರ 17ನೇ ಒಪ್ಪಂದ ಅದು! ವ್ಯಾಟ್ ಶೇ 18ಕ್ಕೆ ಏರಿತು. ಕರೆಂಟ್ ಬಿಲ್ಲು ಏರಿತು. ತಪ್ಪು ಮಾಡಿದ ನಾಲ್ಕು ಜನರ ಪಾಲಿನ ಬಿಲ್ಲನ್ನು ಎರಡು ಕೋಟಿಗೂ ಹೆಚ್ಚು ಜನ ಕಟ್ಟುತ್ತಿದ್ದಾರೆ.

2023ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಹುಮತದ ತೀರ್ಪು ಕೊಟ್ಟಿತು. ಗೋಟಬಯ, ಮಹಿಂದ, ಬೇಸಿಲ್ ರಾಜಪಕ್ಸ ಮತ್ತು ಸೆಂಟ್ರಲ್ ಬ್ಯಾಂಕಿನ ಮಾಜಿ ಗವರ್ನರ್‌ಗಳೂ ಸೇರಿ ಕೆಲವರು ಜನರ ನಂಬಿಕೆಗೆ ದ್ರೋಹ ಮಾಡಿದರು, ಆರ್ಥಿಕತೆಯನ್ನು ತಪ್ಪು ದಾರಿಯಲ್ಲಿ ನಡೆಸಿದರು ಅಂತ ಹೇಳಿತು. 2024ರಲ್ಲಿ ಜೆವಿಪಿ ನಾಯಕ ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾದರು. 2019ರಲ್ಲಿ ಅವರಿಗೆ ಬಿದ್ದಿದ್ದು ಶೇ 3ರಷ್ಟು ಮತ. ಸಂಸತ್ತಿನಲ್ಲಿ ಅವರ ಮೈತ್ರಿಕೂಟಕ್ಕೆ 225ರಲ್ಲಿ 159 ಸ್ಥಾನ ಬಂದವು. ತಮಿಳರ ಜಾಫ್ನಾದಲ್ಲೂ ಅವರೇ ಮುಂದೆ. ಒಂದು ಬಿಕ್ಕಟ್ಟು 75 ವರ್ಷದ ರಾಜಕೀಯವನ್ನೇ ತಲೆಕೆಳಗು ಮಾಡಿತು.

ಈಗ ನಮ್ಮ ಮನೆಯ ವಿಷಯ. ನಾವು ಶ್ರೀಲಂಕಾದ ಬಾಗಿಲ ತನಕ ಹೋಗಿಬಂದವರೇ. 1991ರ ಮಧ್ಯದಲ್ಲಿ ನಮ್ಮ ಹತ್ತಿರ ಇದ್ದ ಡಾಲರ್ ಎರಡು ಮೂರು ವಾರದ ಆಮದಿಗೆ ಮಾತ್ರ ಸಾಕಾಗುತ್ತಿತ್ತು. ಮೇ ತಿಂಗಳಲ್ಲಿ 20 ಟನ್, ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಗುಟ್ಟಾಗಿ ವಿಮಾನ ಹತ್ತಿ ಹೊರದೇಶಕ್ಕೆ ಹೋಯಿತು. ಪತ್ರಿಕೆ ಬರೆದ ಮೇಲೆ ಜನರಿಗೆ ಗೊತ್ತಾಯಿತು. ಜುಲೈ ಮೊದಲ ವಾರದಲ್ಲಿ ರೂಪಾಯಿ ಬೆಲೆಯನ್ನು ಎರಡು ಸಲ ಇಳಿಸಿದರು. 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಪೂರ್ಣ ಬಹುಮತ ಇಲ್ಲದ ಸರ್ಕಾರ ಆ ಕೆಲಸ ಮಾಡಿತು ಅನ್ನುವುದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ.

ಆ ಬಿಕ್ಕಟ್ಟು ನಮ್ಮ ಬೆಂಗಳೂರನ್ನು ಎರಡು ಥರ ಬದಲಿಸಿತು. ಒಂದು ಕಡೆ ಸಾಫ್ಟ್‌ವೇರ್ ಕಂಪನಿಗಳು ಬೆಳೆದವು, ಊರಿಂದ ಓದಿ ಬಂದ ಹುಡುಗ ಹುಡುಗಿಯರಿಗೆ ಅವರ ಅಪ್ಪ ಅಮ್ಮ ಕನಸಿನಲ್ಲೂ ಕಾಣದ ಸಂಬಳ ಸಿಕ್ಕಿತು. ಇನ್ನೊಂದು ಕಡೆ ವಿದ್ಯುತ್ ಉಪಕರಣ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ ಎನ್‌ಜಿಇಎಫ್ ಬಾಗಿಲು ಹಾಕಿತು. ಎಚ್‌ಎಂಟಿ ಸೊರಗುತ್ತಾ ಹೋಗಿ, 2016ರಲ್ಲಿ ವಾಚ್ ಘಟಕ ಮುಚ್ಚಲು ಕೇಂದ್ರ ಒಪ್ಪಿತು. ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಐವತ್ತರ ಮುಂಚೆ ಮನೆಯಲ್ಲಿ ಕೂತವರು ಎಷ್ಟೋ ಬೀದಿಗಳಲ್ಲಿ ಇದ್ದಾರೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿದ್ದ ಅಮೆರಿಕದ ಬೀಜ ಕಂಪನಿ ಕಾರ್ಗಿಲ್‌ನ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ಎಸೆಯಿತು. ಕಚೇರಿಗೆ ನುಗ್ಗುವುದನ್ನು ನಾನು ಒಪ್ಪುವುದಿಲ್ಲ. ಆದರೆ ಬೀಜದ ಮೇಲಿನ ಹಕ್ಕು, ದೇಶಗಳ ನಡುವಿನ ವ್ಯಾಪಾರದ ಗ್ಯಾಟ್ ಒಪ್ಪಂದ, ಅದರ ಹೊಸ ಕರಡಾದ ಡಂಕೆಲ್ ಪ್ರಸ್ತಾವ ಇವುಗಳ ಬಗ್ಗೆ ನಮ್ಮ ಹಳ್ಳಿಗಳಿಗೆ ಗೊತ್ತಾದದ್ದು ಶಾಸನಸಭೆಯಿಂದಲ್ಲ, ಹಸಿರು ಟವೆಲ್ ಹಾಕಿದವರಿಂದ. ಆ ಚರ್ಚೆ ಸದನದಲ್ಲಿ, ಕನ್ನಡದಲ್ಲಿ, ಮೊದಲೇ ಆಗಬೇಕಿತ್ತು ಅಲ್ವಾ?

ಒಂದು ರಾಜ್ಯ ಶ್ರೀಲಂಕಾದ ಥರ ಮುಳುಗಲು ಸಾಧ್ಯವಿಲ್ಲ. ಕರ್ನಾಟಕ ನೋಟು ಅಚ್ಚು ಹಾಕುವುದಿಲ್ಲ, ಡಾಲರ್ ಬಾಂಡ್ ಮಾರಿ ಬದುಕುವುದಿಲ್ಲ. ಕೇಂದ್ರಕ್ಕೆ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಎತ್ತಬೇಕಾದರೆ ಸಂವಿಧಾನದ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಬೇಕು. ದೇಶದಲ್ಲೇ ಮೊದಲು, 2002ರಲ್ಲಿ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ್ದು ನಮ್ಮ ರಾಜ್ಯ. ಕೇಂದ್ರದ ಕಾಯ್ದೆಗಿಂತ ಮುಂಚೆ. ಇದು ಹೆಮ್ಮೆಯ ವಿಷಯ. ಹಾಗಂತ ರಾಜ್ಯಕ್ಕೆ ಕಷ್ಟವೇ ಬರುವುದಿಲ್ಲ ಅಂತಲ್ಲ. ರಾಜ್ಯದ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ಗುತ್ತಿಗೆದಾರರ ಬಿಲ್ಲು ಬಾಕಿ ಉಳಿಯುತ್ತದೆ. ನಿಗಮಗಳ ಹೆಸರಲ್ಲಿ ಎತ್ತಿದ ಸಾಲ ಬಜೆಟ್ ಪುಸ್ತಕದ ಮುಖ್ಯ ಲೆಕ್ಕದಲ್ಲಿ ಕಾಣುವುದಿಲ್ಲ. ಖಾಲಿ ಹುದ್ದೆ ಖಾಲಿಯೇ ಇರುತ್ತದೆ. ಶಾಲೆಯ ಸೋರುವ ಮಾಡು ಮುಂದಿನ ವರ್ಷಕ್ಕೆ ಹೋಗುತ್ತದೆ.

ಗ್ಯಾರಂಟಿ ಯೋಜನೆ ಬೇಕು ಅನ್ನುವವರು, ಬೇಡ ಅನ್ನುವವರು ಇಬ್ಬರೂ ಈ ಪತ್ರವನ್ನು ತಮ್ಮ ಕಡೆಗೆ ಎಳೆದುಕೊಳ್ಳಬೇಡಿ. ನನ್ನ ಪ್ರಶ್ನೆ ಅದಲ್ಲ. ಕೊಡುವುದಾದರೆ ಎಲ್ಲಿಂದ ತರುತ್ತೀರಿ, ತೆರಿಗೆ ಬಿಡುವುದಾದರೆ ಆ ಜಾಗ ಹೇಗೆ ತುಂಬುತ್ತೀರಿ ಅಂತ ಎರಡಕ್ಕೂ ಒಂದೇ ಅಳತೆಯಲ್ಲಿ ಕೇಳಿ.

ನಮ್ಮ ಕಾಯ್ದೆಯ ಪ್ರಕಾರ ಬಜೆಟ್ ಜೊತೆ ಮಧ್ಯಮಾವಧಿ ವಿತ್ತೀಯ ಯೋಜನೆಯನ್ನೂ ಸದನದ ಮುಂದೆ ಇಡಬೇಕು. ಮುಂದಿನ ವರ್ಷಗಳ ಸಾಲ, ವರಮಾನ, ಅಪಾಯ ಎಲ್ಲ ಅದರಲ್ಲಿ ಇರಬೇಕು. ಅದನ್ನು ಓದಿ. ಅದರ ಮೇಲೆ ಪೂರ್ತಿ ಒಂದು ದಿನ ಚರ್ಚೆ ಇಡಿ ಅಂತ ಸಭಾಧ್ಯಕ್ಷರನ್ನು ಕೇಳಿ. ನಿಗಮ ಮಂಡಳಿಗಳ ಸಾಲ, ಸರ್ಕಾರದ ಖಾತರಿ, ಬಾಕಿ ಬಿಲ್ಲು, ಇವೆಲ್ಲ ಒಂದೇ ಕಡೆ, ಎಸ್‌ಎಸ್‌ಎಲ್‌ಸಿ ಓದಿದವರಿಗೆ ಅರ್ಥವಾಗುವ ಕನ್ನಡದಲ್ಲಿ ಬರಲಿ. ಗದ್ದಲದ ನಡುವೆ ಚರ್ಚೆಯಿಲ್ಲದೆ ಮಸೂದೆ ಪಾಸಾಗುವುದನ್ನು ನಾವು ಎಲ್ಲ ಪಕ್ಷಗಳ ಕಾಲದಲ್ಲೂ ನೋಡಿದ್ದೇವೆ. ರೈತರ ಗೊಬ್ಬರ, ಬೀಜ, ಜನರ ತೆರಿಗೆ ಇವುಗಳಿಗೆ ಸಂಬಂಧಪಟ್ಟ ಮಸೂದೆಯಾದರೂ ಹಾಗೆ ಹೋಗಬಾರದು. ಆಡಳಿತ ಪಕ್ಷದವರೇ ಎದ್ದು ನಿಂತು ‘ಸ್ವಲ್ಪ ತಡೆಯಿರಿ, ಲೆಕ್ಕ ಕೊಡಿ’ ಅಂದರೆ ಅದು ದ್ರೋಹ ಅಲ್ಲ. ಕೊಲಂಬೊದಲ್ಲಿ 145 ಜನರಲ್ಲಿ ಸಾಕಷ್ಟು ಮಂದಿ ಹಾಗೆ ಎದ್ದು ನಿಂತಿದ್ದರೆ 2021ರ ಬೆಳೆ ಉಳಿಯುತ್ತಿತ್ತು.

ಸಂಸದರಲ್ಲೂ ಇದನ್ನೇ ಕೇಳುತ್ತೇನೆ. ದೇಶದ ವಿದೇಶಿ ಸಾಲ, ರಸಗೊಬ್ಬರದ ಆಮದು, ರಾಜ್ಯಗಳ ತೆರಿಗೆ ಪಾಲು, ಈ ಮೂರರ ಬಗ್ಗೆ ಈ ವರ್ಷ ನೀವು ಸದನದಲ್ಲಿ ಕೇಳಿದ ಪ್ರಶ್ನೆ ಮತ್ತು ಬಂದ ಉತ್ತರವನ್ನು ನಿಮ್ಮ ಕ್ಷೇತ್ರದ ಜನರಿಗೆ ಕನ್ನಡದಲ್ಲಿ ಕೊಡಿ. ನಮ್ಮ ಕಾಲೇಜಿಗೂ ಒಂದು ಪ್ರತಿ ಬಂದರೆ ನಾನು ಅದನ್ನು ತರಗತಿಯಲ್ಲಿ ಓದಿಸುತ್ತೇನೆ.

ಇಂತಿ ನಿಮ್ಮ,
ಅರ್ಥಶಾಸ್ತ್ರ ಉಪನ್ಯಾಸಕಿ, ಕರ್ನಾಟಕದ ಒಬ್ಬ ಮತದಾರಳು